ನತಾಶಾ ಕಂಪುಶ್ ಅವರ '3096 ದಿನಗಳು' ಓದಿದವರಿದ್ದೀರಾ? ನನಗೆ ಅವಳ ಮೇಲೆ ಸಿಟ್ಟು ಬಂದದ್ದು ಯಾಕೆ?

ಹಿತ್ತಲಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. '3096 ದಿನಗಳು' ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿ ಮುಗಿಸಿ ನಾಲ್ಕು ದಿನ ಆಯಿತು. ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮನೆಯಲ್ಲಿ ಯಾರೂ ಓದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಆಸ್ಟ್ರಿಯಾದ ವಿಯೆನ್ನಾ, 1998ರ ಮಾರ್ಚ್ 2, ಸೋಮವಾರ ಬೆಳಿಗ್ಗೆ. ಹತ್ತು ವರ್ಷದ ನತಾಶಾ ಒಬ್ಬಳೇ ಶಾಲೆಗೆ ನಡೆದು ಹೋಗುತ್ತಿದ್ದಳು. ಬಿಳಿ ವ್ಯಾನ್ ಪಕ್ಕ ನಿಂತಿದ್ದವನು ಅವಳನ್ನು ಎತ್ತಿ ಒಳಗೆ ಹಾಕಿಕೊಂಡ. ಹೆಸರು ವೋಲ್ಫ್‌ಗಾಂಗ್ ಪ್ರಿಕ್ಲೋಪಿಲ್. ವಿಯೆನ್ನಾದಿಂದ ಹೆಚ್ಚು ದೂರವಿಲ್ಲದ ಷ್ಟ್ರಾಸ್‌ಹೋಫ್ ಅನ್ನುವ ಊರಲ್ಲಿ ಅವನ ಮನೆ. ಗ್ಯಾರೇಜಿನ ಕೆಳಗೆ ಸುಮಾರು ಐದು ಚದರ ಮೀಟರಿನ ಒಂದು ಕೋಣೆ ಮಾಡಿಟ್ಟಿದ್ದ. ನಮ್ಮ ಕಡೆಯ ದೇವರಮನೆಯಷ್ಟು ಜಾಗ. ಕಿಟಕಿ ಇಲ್ಲ, ಸದ್ದು ಹೊರಗೆ ಹೋಗುವ ಹಾಗಿಲ್ಲ. ಅಲ್ಲಿ ಎಂಟೂವರೆ ವರ್ಷ. 2006ರ ಆಗಸ್ಟ್ 23ರಂದು ಅವಳೇ ತಪ್ಪಿಸಿಕೊಂಡು ಓಡಿಬಂದಳು. ಅಷ್ಟು ದಿನಗಳ ಲೆಕ್ಕವೇ ಪುಸ್ತಕದ ಹೆಸರು.

ಈಗ ನನ್ನ ಪ್ರಶ್ನೆ. ಮೊದಲ ಅರ್ಧ ಓದುವಾಗ ಅತ್ತೆ. ಆಮೇಲಿನ ವರ್ಷಗಳಲ್ಲಿ ಅವನು ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ, ಅಂಗಡಿಗೆ, ಒಂದು ಸಲ ಹಿಮದ ಬೆಟ್ಟಕ್ಕೆ ಸ್ಕೀಯಿಂಗಿಗೂ ಕೂಡ. ಸುತ್ತ ಜನ ಇದ್ದಾರೆ. ಅವಳು ಕೂಗುವುದಿಲ್ಲ. ಅಲ್ಲಿ ನನಗೆ ಸಿಟ್ಟು ಬಂತು. "ಕೂಗೇ ಮಾರಾಯ್ತಿ, ಒಂದು ಸಲ ಕೂಗು" ಅಂತ ಬಾಯಿಬಿಟ್ಟು ಹೇಳಿಬಿಟ್ಟೆ. ಅವಳು ಓಡಿಹೋದ ದಿನ ಸಂಜೆಯೇ ಅವನು ರೈಲಿನ ಮುಂದೆ ಬಿದ್ದು ಸತ್ತ. ಅದು ಗೊತ್ತಾದಾಗ ಅವಳು ಅತ್ತಳಂತೆ. ಅಲ್ಲಿಗೆ ಪುಸ್ತಕ ಮುಚ್ಚಿ ಇಟ್ಟುಬಿಟ್ಟೆ. ರಾತ್ರಿ ಮಲಗಿದಾಗ ನನ್ನ ಬಗ್ಗೆಯೇ ನಾಚಿಕೆ ಆಯಿತು. ಕದ್ದವನ ಮೇಲೆ ಬರಬೇಕಾದ ಸಿಟ್ಟು ಆ ಮಗುವಿನ ಮೇಲೆ ಯಾಕೆ ಬಂತು? ನಿಮಗೆ ಯಾರಿಗಾದರೂ ಹೀಗೆ ಆಯಿತಾ?

ಇನ್ನೊಂದು ವಿಷಯ. ನನ್ನ ಮಗಳು ಒಂಬತ್ತನೇ ಕ್ಲಾಸು. ಮೇಜಿನ ಮೇಲೆ ಪುಸ್ತಕ ನೋಡಿ ತಾನೂ ಓದುತ್ತೇನೆ ಅನ್ನುತ್ತಿದ್ದಾಳೆ. ಕೊಡಲಾ ಬೇಡವಾ?

ಸಂಪಿಗೆಮರ:

ಮಲ್ಲಿಗೆ ಅವರೇ, ಆ ಸಿಟ್ಟು ನನಗೂ ಬಂದಿತ್ತು. ನಾನು ಮಕ್ಕಳ ಜೊತೆ ಆಪ್ತ ಸಮಾಲೋಚನೆ ಕೆಲಸ ಮಾಡುತ್ತೇನೆ, ಹದಿನೈದು ವರ್ಷ ಆಯಿತು. ಆದರೂ ಬಂತು. ಯಾಕೆ ಅಂತ ಯೋಚನೆ ಮಾಡಿದಾಗ ನನಗೆ ಹೊಳೆದದ್ದು ಇಷ್ಟು. "ನಾನಾಗಿದ್ದರೆ ಕೂಗುತ್ತಿದ್ದೆ" ಅಂತ ನಂಬಿಕೊಂಡರೆ ನಮಗೆ ಧೈರ್ಯ ಬರುತ್ತದೆ. ನಮ್ಮ ಮಕ್ಕಳೂ ಕೂಗುತ್ತಾರೆ, ನಮ್ಮ ಮನೆಗೆ ಹೀಗೆ ಆಗುವುದಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆ ಸಮಾಧಾನವನ್ನು ಅವಳು ಕೊಡುವುದಿಲ್ಲ. ಅದಕ್ಕೇ ಅವಳ ಮೇಲೆ ಸಿಟ್ಟು.

ಆ ಸಾಮಾನಿನ ಅಂಗಡಿಯ ಭಾಗ ಇನ್ನೊಂದು ಸಲ ಓದಿ. ಮನೆ ರಿಪೇರಿಗೆ ಬೇಕಾದ ಸಾಮಾನು ಮಾರುವ ದೊಡ್ಡ ಅಂಗಡಿ. ಕೆಲಸದವನು ಬಂದು "ಏನು ಬೇಕು?" ಅಂತ ಅವಳನ್ನೇ ಕೇಳುತ್ತಾನೆ. ವರ್ಷಗಟ್ಟಲೆ ಕಾದಿದ್ದ ಗಳಿಗೆ ಅದು. ಬಾಯಿಂದ ಮಾತೇ ಹೊರಡುವುದಿಲ್ಲ, ಮುಖದಲ್ಲಿ ಒಂದು ನಗು ಬರುತ್ತದೆ ಅಷ್ಟೇ. ಪ್ರಿಕ್ಲೋಪಿಲ್ ಪಕ್ಕದಲ್ಲೇ ನಿಂತಿದ್ದಾನೆ. ನೀನು ಯಾರ ಹತ್ತಿರ ಮಾತಾಡಿದರೂ ಅವರನ್ನು ಮೊದಲು ಕೊಲ್ಲುತ್ತೇನೆ ಅಂತ ಹೇಳಿ ಕರೆತಂದಿದ್ದಾನೆ. ಮನೆಯ ಬಾಗಿಲು ಕಿಟಕಿಗಳಿಗೆ ಸ್ಫೋಟಕ ಇಟ್ಟಿದ್ದೇನೆ ಅಂತಲೂ ಹೇಳಿದ್ದ. ಹತ್ತನೇ ವಯಸ್ಸಿನಿಂದ ಅವನೊಬ್ಬನ ಮಾತೇ ಜಗತ್ತಾಗಿ ಬೆಳೆದವಳಿಗೆ ಅದು ಸುಳ್ಳು ಅಂತ ಗೊತ್ತಾಗುವುದು ಹೇಗೆ?

ಮೊದಲ ಆರು ತಿಂಗಳು ಅವಳು ಆ ಕೋಣೆಯಿಂದ ಹೊರಗೇ ಬರಲಿಲ್ಲ. ದೀಪ ಹತ್ತುವುದು ಆರುವುದು ಅವನಿಟ್ಟ ಟೈಮರಿನಲ್ಲಿ. ಉಸಿರಾಡುವ ಗಾಳಿ ಬರುವುದು ಅವನು ಹಾಕಿದ ಫ್ಯಾನಿನಿಂದ, ಅದರ ಸದ್ದು ಹಗಲು ರಾತ್ರಿ ಕಿವಿಯಲ್ಲಿ. ಊಟ ಅವನು ತಂದರೆ ಉಂಟು. ಅವನು ಎಲ್ಲೋ ರಸ್ತೆ ಅಪಘಾತದಲ್ಲಿ ಸತ್ತರೆ ತಾನು ಅಲ್ಲೇ ಹಸಿದು ಸಾಯುತ್ತೇನೆ ಅಂತ ಆ ಮಗುವಿಗೆ ಗೊತ್ತಿತ್ತು. ಅಂದರೆ ಕದ್ದವನು ಕ್ಷೇಮವಾಗಿ ಮನೆಗೆ ಬರಲಿ ಅಂತ ಅವಳು ಬಯಸಲೇಬೇಕು. ಇದನ್ನು ಪ್ರೀತಿ ಅನ್ನೋಕಾಗುತ್ತಾ?

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮೊದಲನೇ ರಾತ್ರಿ. ನನ್ನನ್ನು ಮಲಗಿಸು, ಒಂದು ಕಥೆ ಓದು ಅಂತ ಅವನನ್ನೇ ಕೇಳುತ್ತಾಳೆ. ಅವನು ಓದುತ್ತಾನೆ. ಮೇಲುಮೇಲೆ ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಯೋಚಿಸಿ ನೋಡಿ, ಆ ಕತ್ತಲಲ್ಲಿ ಮನೆಯ ರಾತ್ರಿಯ ಹಾಗೆ ಕಾಣುವುದು ಏನಾದರೂ ಒಂದು ಬೇಕಿತ್ತು. ಇದ್ದ ಒಬ್ಬನೇ ಮನುಷ್ಯನಿಂದ ಅದನ್ನು ಕೇಳಿ ತೆಗೆದುಕೊಂಡಳು. ಹಾಗಂತ ಸೋತುಹೋಗಲಿಲ್ಲ. ತನ್ನನ್ನು ಒಡೆಯ ಅಂತ ಕರೆಯಬೇಕು, ಮಂಡಿಯೂರಬೇಕು ಅಂತ ಅವನು ಹಠ ಹಿಡಿದ. ಎಷ್ಟು ಹೊಡೆದರೂ ಅವಳು ಆ ಎರಡನ್ನು ಮಾಡಲಿಲ್ಲ. ತಿಂದ ಏಟುಗಳನ್ನು ದಿನಾಂಕ ಹಾಕಿ ಚೀಟಿಗಳಲ್ಲಿ ಬರೆದಿಟ್ಟಳು. ಹನ್ನೆರಡು ವರ್ಷದವಳಿದ್ದಾಗ ಹದಿನೆಂಟು ವರ್ಷದ ತಾನೇ ಎದುರಿಗೆ ಬಂದು ಕೈ ಹಿಡಿದು, ನಿನ್ನನ್ನು ಇಲ್ಲಿಂದ ಬಿಡಿಸುತ್ತೇನೆ ಅಂತ ಮಾತು ಕೊಟ್ಟ ಹಾಗೆ ಕಲ್ಪಿಸಿಕೊಂಡಳಲ್ಲ, ಹದಿನೆಂಟು ತುಂಬಿದ ವರ್ಷವೇ ಓಡಿದಳು. ಕಾರಿಗೆ ವ್ಯಾಕ್ಯೂಮ್ ಹಾಕುತ್ತಿದ್ದಳು, ಅವನಿಗೆ ಫೋನ್ ಬಂತು, ಸದ್ದಿಗೆ ಕೇಳಿಸುವುದಿಲ್ಲ ಅಂತ ಅವನು ನಾಲ್ಕು ಹೆಜ್ಜೆ ಆಚೆ ಹೋದ. ಅಷ್ಟೇ ಸಮಯ ಸಿಕ್ಕಿದ್ದು.

ಯಾರಾದರೂ ಈಗ ಸ್ಟಾಕ್‌ಹೋಮ್ ಸಿಂಡ್ರೋಮ್ ಅನ್ನುತ್ತಾರೆ, ಅಂದರೆ ಸೆರೆಯಲ್ಲಿರುವವರು ಹಿಡಿದಿಟ್ಟವನನ್ನೇ ಹಚ್ಚಿಕೊಳ್ಳುವುದು. ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಆ ಹೆಸರು ಬಂದದ್ದು 1973ರ ಆಗಸ್ಟಿನಲ್ಲಿ, ಸ್ಟಾಕ್‌ಹೋಮಿನ ಒಂದು ಬ್ಯಾಂಕಿನಲ್ಲಿ ಕೆಲವರನ್ನು ಆರು ದಿನ ಒತ್ತೆ ಇಟ್ಟುಕೊಂಡಾಗ. ಹೆಸರು ಕಟ್ಟಿದವರು ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯರು. ಅಮೆರಿಕದ ಮನೋವೈದ್ಯರು ರೋಗ ಗುರುತಿಸಲು ಬಳಸುವ ಡಿಎಸ್‌ಎಮ್ ಕೈಪಿಡಿಯಲ್ಲಿ ಅಂಥದ್ದೊಂದು ಕಾಯಿಲೆಯೇ ಇಲ್ಲ. ನತಾಶಾ ಕೂಡ ಈ ಹಣೆಪಟ್ಟಿ ಬೇಡ ಅಂತ ಪುಸ್ತಕದಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ನಾನು ಬದುಕಿದ್ದು ಹೇಗೆ ಅಂತ ಹೇಳುವ ಹಕ್ಕನ್ನೇ ಅದು ನನ್ನಿಂದ ಕಿತ್ತುಕೊಳ್ಳುತ್ತದೆ ಅನ್ನುವುದು ಅವರ ಮಾತಿನ ಸಾರ.

ಹಳೇಕಾಗದ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಂಥ ಪುಸ್ತಕಗಳನ್ನು ನಾವು ಯಾಕೆ ಓದುತ್ತೇವೆ ಅಂತ ಒಂದು ಸಲ ಕೇಳಿಕೊಳ್ಳಬೇಕು. ಒಂದು ಮಗುವಿನ ನೋವನ್ನು ಪುಟ ತಿರುಗಿಸಿ ತಿರುಗಿಸಿ ನೋಡುವುದರಲ್ಲಿ ನನಗೆ ಏನೋ ತಪ್ಪು ಕಾಣುತ್ತದೆ. ನಾನು ಮೂವತ್ತು ಪುಟಕ್ಕೆ ನಿಲ್ಲಿಸಿದೆ. ಮುಂದೆ ಏನಾಗುತ್ತೋ ಅಂತ ಕಾತರ ಹುಟ್ಟಿತು, ಆ ಕಾತರವೇ ನನಗೆ ಹಿಡಿಸಲಿಲ್ಲ.

ಮಾತಾಡಬೇಕಾದ್ದು ಪೊಲೀಸರ ಬಗ್ಗೆ. ಹನ್ನೆರಡು ವರ್ಷದ ಒಬ್ಬ ಹುಡುಗಿ ನತಾಶಾಳನ್ನು ಬಿಳಿ ವ್ಯಾನಿಗೆ ಎಳೆದುಕೊಂಡದ್ದನ್ನು ಕಣ್ಣಾರೆ ನೋಡಿ ಹೇಳಿದ್ದಳು. ಪೊಲೀಸರು ಏಳುನೂರಕ್ಕೂ ಹೆಚ್ಚು ವ್ಯಾನುಗಳನ್ನು ತಪಾಸಣೆ ಮಾಡಿದರು. ಅದರಲ್ಲಿ ಪ್ರಿಕ್ಲೋಪಿಲ್‌ನ ವ್ಯಾನೂ ಇತ್ತು! ಅವನ ಮನೆಗೇ ಹೋಗಿದ್ದರು. ಕಟ್ಟಡದ ಕಸ ಸಾಗಿಸುತ್ತಿದ್ದೇನೆ ಅಂದ, ನಂಬಿ ವಾಪಸ್ ಬಂದರು. ಆಮೇಲೆ ಅದೇ ವರ್ಷ ಪೊಲೀಸ್ ನಾಯಿ ದಳದವರೊಬ್ಬರು ಅವನ ಕಡೆಗೇ ಬೆರಳು ತೋರಿಸುವ ಸುಳಿವು ಕೊಟ್ಟರು. ಅದನ್ನು ಯಾರೂ ಹಿಂಬಾಲಿಸಲಿಲ್ಲ. ಈ ವಿಷಯ ಜನರಿಗೆ ಗೊತ್ತಾದದ್ದು 2008ರಲ್ಲಿ. ಎಂಟು ವರ್ಷ ಉಳಿಸಬಹುದಿತ್ತು. ಆಮೇಲೆ ಸಮಿತಿ ಮೇಲೆ ಸಮಿತಿ ಕೂರಿಸಿದರು, ಎಫ್‌ಬಿಐನವರನ್ನೂ ಕರೆಸಿದರು.

ಅಮೆರಿಕದ ಜೇಸಿ ಡುಗಾರ್ಡ್ ವಿಷಯವೂ ಅಷ್ಟೇ. 1991ರಲ್ಲಿ ಹನ್ನೊಂದು ವರ್ಷಕ್ಕೆ ಅಪಹರಣ, 2009ರಲ್ಲಿ ಬಿಡುಗಡೆ. ಕದ್ದವನು ಪೆರೋಲ್ ಮೇಲೆ ಇದ್ದವನು, ಅಧಿಕಾರಿಗಳು ಅವನ ಮನೆಗೆ ಹತ್ತಾರು ಸಲ ಬಂದು ಹೋಗಿದ್ದರು. ಹಿತ್ತಿಲು ನೋಡಲಿಲ್ಲ. ಕ್ಯಾಲಿಫೋರ್ನಿಯಾ ಸರ್ಕಾರ ಕೊನೆಗೆ 2 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಅವಳು ಯಾಕೆ ಕೂಗಲಿಲ್ಲ ಅಂತ ಕೇಳುವ ಬದಲು ಇವರು ಯಾಕೆ ನೋಡಲಿಲ್ಲ ಅಂತ ಕೇಳೋಣ.

ವಿಯೆನ್ನಾದಲ್ಲಿ ಹಾಸನದವಳು:

ಹಳೇಕಾಗದ ಸರ್, ನಿಮ್ಮ ಎರಡನೇ ಮಾತು ಒಪ್ಪುತ್ತೇನೆ, ಮೊದಲನೆಯದು ಒಪ್ಪುವುದಿಲ್ಲ.

ನಾನು ಇಲ್ಲಿಗೆ ಬಂದು ಒಂಬತ್ತು ವರ್ಷ. ನತಾಶಾ ಬೆಳೆದ ರೆನ್‌ಬಾನ್‌ವೆಗ್ ಬಡಾವಣೆ ಡೊನಾವ್ ನದಿಯ ಆಚೆ ಇದೆ. ಎರಡು ಸಾವಿರಕ್ಕೂ ಹೆಚ್ಚು ಮನೆಗಳಿರುವ ದೊಡ್ಡ ದೊಡ್ಡ ಸರ್ಕಾರಿ ಬಿಲ್ಡಿಂಗುಗಳು. ಈಗ ಅಲ್ಲಿಗೆ ಯು1 ಮೆಟ್ರೋ ಹೋಗುತ್ತದೆ. ಆ ಸ್ಟೇಷನ್ ಶುರುವಾದದ್ದು 2006ರ ಸೆಪ್ಟೆಂಬರ್ 2ಕ್ಕೆ, ಅವಳು ತಪ್ಪಿಸಿಕೊಂಡ ಹತ್ತೇ ದಿನಕ್ಕೆ. ಅವಳು ಒಳಗಿದ್ದಾಗ ಮನೆಯ ಪಕ್ಕ ಮೆಟ್ರೋ ಕಟ್ಟಿ ಮುಗಿಸಿದ್ದರು ಅನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ. ಷ್ಟ್ರಾಸ್‌ಹೋಫ್ ಕೂಡ ಲೋಕಲ್ ರೈಲಿನ ದಾರಿಯಲ್ಲೇ ಇದೆ. ಕಾಡಲ್ಲ, ಬೆಟ್ಟವಲ್ಲ. ಸಾಲು ಮನೆ, ಬೇಲಿ, ಹುಲ್ಲು. ಅವಳು ಓಡಿಬಂದ ದಿನ ದಾರಿಯಲ್ಲಿ ಸಿಕ್ಕವರನ್ನು ಪೊಲೀಸರಿಗೆ ಫೋನ್ ಮಾಡಿ ಅಂತ ಬೇಡಿಕೊಂಡಳು, ಅವರು ಮುಂದೆ ಹೋಗಿಬಿಟ್ಟರು. ಕೊನೆಗೆ ಒಂದು ಮನೆಯ ಕಿಟಕಿ ಬಡಿದಾಗ ವಯಸ್ಸಾದ ಒಬ್ಬ ಹೆಂಗಸು ಫೋನ್ ಮಾಡಿದರು. ಹಾಡಹಗಲಲ್ಲಿ, ಬಾಯಿಬಿಟ್ಟು ಕೇಳಿದಾಗಲೇ ಜನ ಹೀಗೆ. ಇನ್ನು ಅಂಗಡಿಯಲ್ಲಿ ಕೂಗಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು?

ಪುಸ್ತಕ ಯಾಕೆ ಬೇಕಿತ್ತು ಅಂದರೆ, ಅವಳು ಬರೆಯದಿದ್ದರೂ ಅವಳ ಬಗ್ಗೆ ಎಲ್ಲರೂ ಬರೆಯುತ್ತಿದ್ದರು. ಹೊರಗೆ ಬಂದ ಎರಡೇ ವಾರಕ್ಕೆ ಟಿವಿ ಸಂದರ್ಶನ ಕೊಟ್ಟಳು. ನೆಟ್ಟಗೆ ಕೂತು, ಸ್ಪಷ್ಟವಾಗಿ ಮಾತಾಡಿದಳು. ಮೊದಮೊದಲು ಎಲ್ಲರೂ ಅಯ್ಯೋ ಪಾಪ ಅಂದರು. ಆಮೇಲೆ ಶುರುವಾಯಿತು. ಇಷ್ಟು ಚೆನ್ನಾಗಿ ಹೇಗೆ ಮಾತಾಡುತ್ತಾಳೆ, ಅಳುವುದಿಲ್ಲ ಯಾಕೆ, ಅವನ ಬಗ್ಗೆ ಒಂದು ಒಳ್ಳೆ ಮಾತು ಯಾಕೆ ಹೇಳಿದಳು, ದುಡ್ಡು ಎಷ್ಟು ಬಂತು. ಆ ಮನೆ ಪರಿಹಾರವಾಗಿ ಅವಳಿಗೇ ಬಂತು, ಅದಕ್ಕೂ ಮಾತು. ಆ ಜಾಗ ಜನ ನೋಡಲು ಬರುವ ತಾಣ ಆಗಬಾರದು ಅಂತ ಇಟ್ಟುಕೊಂಡಳು, ಕೆಳಗಿನ ಕೋಣೆಯನ್ನು ಆಮೇಲೆ ಮುಚ್ಚಿಸಿಬಿಟ್ಟರು. ಆನ್‌ಲೈನಿನಲ್ಲಿ ಅವಳಿಗೆ ಎಷ್ಟು ಕೆಟ್ಟದಾಗಿ ಬರೆದರು ಅಂದರೆ 2019ರಲ್ಲಿ ಅದರ ಬಗ್ಗೆಯೇ ಬೇರೆ ಪುಸ್ತಕ ಬರೆಯಬೇಕಾಯಿತು. ನನ್ನ ಆಫೀಸಿನಲ್ಲಿ ಒಮ್ಮೆ ಊಟದ ಹೊತ್ತಿಗೆ ಅವಳ ವಿಷಯ ಬಂತು. ಒಳ್ಳೆಯ ಮನುಷ್ಯರು, ಮಕ್ಕಳೊಂದಿಗರು, ಅವರೇ "ಅವಳು ಹೇಳದ್ದು ಏನೋ ಇದೆ" ಅಂದರು. ನನಗೆ ಊಟ ಸೇರಲಿಲ್ಲ. ಹೇಳದ್ದು ಇದ್ದೇ ಇದೆ. ಅದು ಅವಳದು. ಅವನು ತನ್ನ ಮೇಲೆ ಮಾಡಿದ ಕೆಲವು ವಿಷಯಗಳನ್ನು ಬರೆಯುವುದಿಲ್ಲ, ನನಗೆ ಉಳಿದಿರುವ ಖಾಸಗಿತನ ಅದಷ್ಟೇ ಅಂತ ಪುಸ್ತಕದಲ್ಲೇ ಹೇಳಿದ್ದಾಳೆ.

ತುಂಗೆಯ ದಡ:

ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಬರೆಯಬೇಕು ಅನಿಸಿತು.

ಅತ್ತದ್ದರ ಬಗ್ಗೆ ಮಲ್ಲಿಗೆ ಅಕ್ಕ ಕೇಳಿದ್ದೀರಿ. 1997ರಲ್ಲಿ ವೀರಪ್ಪನ್ ನಮ್ಮ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರನ್ನು ಬಂಡೀಪುರದಿಂದ ಹೊತ್ತುಕೊಂಡು ಹೋಗಿ 14 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ. ಅವರು ಅದನ್ನು ಬರೆದದ್ದನ್ನು ನಾನು ಹೈಸ್ಕೂಲಿನಲ್ಲಿ ಓದಿದೆ. ಅದರಲ್ಲಿ ವೀರಪ್ಪನ್ ರಾಕ್ಷಸನ ಹಾಗೆ ಕಾಣುವುದಿಲ್ಲ, ಮನುಷ್ಯನ ಹಾಗೆ ಕಾಣುತ್ತಾನೆ. ಓದುವಾಗ ನಗುವೂ ಬರುತ್ತದೆ. ಅವರಿಬ್ಬರಿಗೆ ಯಾವ ಸಿಂಡ್ರೋಮ್ ಇದೆ ಅಂತ ನಾವು ಯಾರೂ ಕೇಳಲಿಲ್ಲ. ಎಷ್ಟು ಚೆನ್ನಾಗಿ ಮನುಷ್ಯನನ್ನು ನೋಡಿದ್ದಾರೆ ಅಂತ ಮೆಚ್ಚಿದೆವು. ಎರಡೂ ಒಂದೇ ಅಲ್ಲ, ಅವರು ದೊಡ್ಡವರು, ಹದಿನಾಲ್ಕೇ ದಿನ. ಹಾಗಾದರೆ ಎಂಟೂವರೆ ವರ್ಷ ಒಬ್ಬನನ್ನೇ ನೋಡಿದ ಹುಡುಗಿ ಅವನನ್ನು ಮನುಷ್ಯ ಅಂದರೆ ಮಾತ್ರ ನಮಗೆ ಯಾಕೆ ಸಹಿಸಲು ಆಗುವುದಿಲ್ಲ? ಅವಳು ಅವನ ತಪ್ಪನ್ನು ಒಂದು ಚೂರೂ ಕಡಿಮೆ ಮಾಡಿಲ್ಲ. ಹೊಡೆದದ್ದು, ಹಸಿವಿಗೆ ಹಾಕಿದ್ದು, ತಲೆ ಬೋಳಿಸಿದ್ದು, ಹೆಸರನ್ನೇ ಬದಲಾಯಿಸಿದ್ದು, ಎಲ್ಲ ಬರೆದಿದ್ದಾಳೆ.

ಇನ್ನೊಂದು ಹೇಳುತ್ತೇನೆ. ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ನನ್ನ ಜೊತೆಯ ಹುಡುಗಿಯೊಬ್ಬಳನ್ನು ಪರಿಚಯದವನೇ ಜಾತ್ರೆಯಿಂದ ಕರೆದುಕೊಂಡು ಹೋಗಿಬಿಟ್ಟ. ಮೂರು ದಿನಕ್ಕೆ ಸಿಕ್ಕಳು. ಅವಳು ಬಂದ ದಿನ ಊರಿನವರು ಕೇಳಿದ ಮೊದಲ ಪ್ರಶ್ನೆ, "ಬಸ್ಸಿನಲ್ಲಿ ಅಷ್ಟು ಜನ ಇದ್ದರಲ್ಲ, ನೀನು ಯಾಕೆ ಹೇಳಲಿಲ್ಲ?" ಅವನಿಗೆ ಯಾರೂ ಏನೂ ಕೇಳಲಿಲ್ಲ. ಒಂದು ತಿಂಗಳಾಗುವ ಹೊತ್ತಿಗೆ ಅವಳು 'ಓಡಿಹೋದವಳು' ಆಗಿದ್ದಳು. ಹನ್ನೆರಡು ವರ್ಷದ ಮಗು! ಶಾಲೆ ಬಿಡಿಸಿ ಅಜ್ಜಿಯ ಊರಿಗೆ ಕಳಿಸಿದರು. ಅವಳ ಪಕ್ಕ ಕೂರುತ್ತಿದ್ದವಳು ನಾನು. ನಾನೂ ಕೇಳಿದ್ದೆ, ನೀನು ಯಾಕೆ ಹೇಳಲಿಲ್ಲ ಅಂತ. ಅವಳು ಏನೂ ಅನ್ನಲಿಲ್ಲ, ಕಂಪಾಸ್ ಬಾಕ್ಸಿನ ಮುಚ್ಚಳ ತೆಗೆದು ಹಾಕುತ್ತಾ ಕೂತಿದ್ದಳು. ನತಾಶಾಳ ಪುಸ್ತಕದಲ್ಲಿ ಆ ಅಂಗಡಿಯ ನಗು ಬಂದಾಗ ಇಪ್ಪತ್ತೆರಡು ವರ್ಷದ ನಂತರ ನನಗೆ ಉತ್ತರ ಸಿಕ್ಕಿತು. ಅದಕ್ಕೇ ಹಳೇಕಾಗದ ಸರ್, ಕೆಲವರಿಗೆ ಈ ಪುಸ್ತಕ ಕಾತರಕ್ಕೆ ಅಲ್ಲ.

ಹಳೇಕಾಗದ:

ತಂಗಿ, ಓದಿದೆ. ಎರಡು ಸಲ ಓದಿದೆ. ನನ್ನ ಮೊದಲ ಮಾತು ಎಲ್ಲರಿಗೂ ಹೊಂದುವುದಿಲ್ಲ, ಒಪ್ಪಿದೆ. ನಿಲ್ಲಿಸಿದ ಪುಟದಿಂದ ಮುಂದೆ ಓದುತ್ತೇನೆ.

ಮೂರನೇ ಬೆಂಚು:

ಮಗಳ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನಾನು ಹೈಸ್ಕೂಲ್ ಮೇಡಂ, ನನ್ನ ಅನಿಸಿಕೆ ಹೇಳುತ್ತೇನೆ.

ಕೊಡಿ, ಆದರೆ ಜೊತೆಗೆ ಕೂತು ಓದಿ. ಹಾಸನದವರು ಹೇಳಿದ ಹಾಗೆ ಇದರಲ್ಲಿ ಲೈಂಗಿಕ ವಿವರಗಳಿಗೆ ಹೋಗಿಲ್ಲ. ಹೊಡೆತ ಮತ್ತು ಹಸಿವಿನ ಭಾಗಗಳು ಮಾತ್ರ ತುಂಬ ಭಾರ, ಸಾಯುವ ಯೋಚನೆಯೂ ಬರುತ್ತದೆ. ಅಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಜೇಸಿಯ ಪುಸ್ತಕ ಈಗ ಬೇಡ, ಅದು ನೇರವಾಗಿ ಎಲ್ಲ ಹೇಳುತ್ತದೆ, ದೊಡ್ಡವಳಾದ ಮೇಲೆ ಓದಲಿ.

ಎಲಿಜಬೆತ್ ಸ್ಮಾರ್ಟ್ ಅಂತ ಇನ್ನೊಬ್ಬರಿದ್ದಾರೆ. 2002ರಲ್ಲಿ ಹದಿನಾಲ್ಕು ವರ್ಷದವರಿದ್ದಾಗ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಮನೆಯಿಂದ ಅಪಹರಣ, ಒಂಬತ್ತು ತಿಂಗಳಿಗೆ ಸಿಕ್ಕರು. ಅವರು ಆಮೇಲೆ ಒಂದು ಭಾಷಣದಲ್ಲಿ ಹೇಳಿದ್ದನ್ನು ನಾನು ಕ್ಲಾಸಿನಲ್ಲಿ ಹೇಳುತ್ತಿರುತ್ತೇನೆ. ಶಾಲೆಯಲ್ಲಿ ಒಬ್ಬರು ಹೆಣ್ಣಿನ ಶೀಲವನ್ನು ಚೂಯಿಂಗ್ ಗಮ್ಮಿಗೆ ಹೋಲಿಸಿದ್ದರಂತೆ. ಒಬ್ಬರು ಅಗಿದದ್ದನ್ನು ಇನ್ಯಾರು ತೆಗೆದುಕೊಳ್ಳುತ್ತಾರೆ ಅಂತ. ಅಪಹರಿಸಿದವನ ಕೈಗೆ ಸಿಕ್ಕ ಮೇಲೆ ಆ ಮಾತೇ ನೆನಪಾಯಿತು, ನಾನಿನ್ನು ಮನೆಗೆ ಹೋದರೂ ಏನು ಪ್ರಯೋಜನ ಅನಿಸಿತು ಅಂತ ಹೇಳಿದರು. ನಮ್ಮಲ್ಲಿ ಮಾನ ಹೋಯಿತು ಅಂತ ಎಷ್ಟು ಸುಲಭವಾಗಿ ಅನ್ನುತ್ತೇವೆ ಅಲ್ವಾ? ನಮ್ಮ ಮಕ್ಕಳು ಅದನ್ನು ಕೇಳಿಸಿಕೊಳ್ಳುತ್ತಲೇ ಬೆಳೆಯುತ್ತಾರೆ. ನಿಮ್ಮ ಮಗಳಿಗೆ ಒಂದು ಮಾತು ಬಿಡಿಸಿ ಹೇಳಿ. ಏನೇ ಆಗಲಿ, ಎಷ್ಟೇ ದಿನ ಆಗಲಿ, ಮನೆಗೆ ಬಾ, ನಾವು ಏನೂ ಕೇಳುವುದಿಲ್ಲ ಅಂತ. ಜೊತೆಗೆ 1098 ನಂಬರೂ ಬಾಯಿಪಾಠ ಇರಲಿ, ಮಕ್ಕಳ ಸಹಾಯವಾಣಿ, ಫೋನ್ ಮಾಡಲು ದುಡ್ಡು ಬೇಡ.

ಹಿತ್ತಲಮಲ್ಲಿಗೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ತುಂಗೆಯ ದಡ ಅವರೇ, ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಆ ಊರಿನವರ ಪ್ರಶ್ನೆಯನ್ನೇ ನಾನೂ ಕೇಳಿದ್ದು.

ನಿನ್ನೆ ರಾತ್ರಿ ಮಗಳ ಜೊತೆ ಶುರು ಮಾಡಿದೆ. ನತಾಶಾ ಮನೆ ಬಿಟ್ಟ ಬೆಳಗಿನ ಭಾಗ ಇದೆಯಲ್ಲ, ಹಿಂದಿನ ರಾತ್ರಿ ಅಮ್ಮನ ಹತ್ತಿರ ಜಗಳ ಆಗಿತ್ತು. ಸಿಟ್ಟಿನಲ್ಲಿ ಯಾವತ್ತೂ ಬೇರೆಯಾಗಬಾರದು, ಮತ್ತೆ ನೋಡುತ್ತೇವೋ ಇಲ್ಲವೋ ಅಂತ ಆ ಅಮ್ಮ ಯಾವಾಗಲೂ ಹೇಳುತ್ತಿದ್ದವರು. ಅವತ್ತು ಬೆಳಿಗ್ಗೆ ಹುಡುಗಿ ಬೇಕೆಂದೇ ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡು ಹೋದಳು. ಅಲ್ಲಿಗೆ ಮಗಳು ಸಾಕು ಅಂದಳು, ಪುಸ್ತಕ ಮುಚ್ಚಿದೆವು. ಏನೂ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ನಮ್ಮಿಬ್ಬರಿಗೆ ಡಬ್ಬಿಯ ವಿಷಯಕ್ಕೆ ಜಗಳ ಆಯಿತು. ಮತ್ತೆ ಉಪ್ಪಿಟ್ಟಾ ಅಂತ ಮುಖ ಊದಿಸಿಕೊಂಡು ಚೀಲ ಏರಿಸಿ ಹೊರಟುಬಿಟ್ಟಳು. ನಾನೂ ಸುಮ್ನೆ ಒಲೆಯ ಕಡೆ ತಿರುಗಿದೆ. ಗೇಟು ತೆಗೆದ ಸದ್ದಾಯಿತು, ಹಾಕಿದ ಸದ್ದು ಬರಲಿಲ್ಲ. ತಿರುಗಿ ನೋಡಿದರೆ ಚಪ್ಪಲಿ ಹಾಕಿಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಾಳೆ. "ಹೋಗಿ ಬರ್ತೀನಮ್ಮಾ" ಅಂದಳು.